ಪಿಕಪ್ಪಿನೊಳಗಿದ್ದ ಇಂಜಿನ್

ಪಿಕಪ್ಪಿನ ಬಾನೆಟ್ಟನ್ನು ನಮ್ಮ ಮನೆಯಲ್ಲಿ ಅಪ್ಪನ ಹೊರತು ಬೇರೆ ಯಾರೂ ಎತ್ತುವಂತಿರಲಿಲ್ಲ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ದೇವರ ಗೂಡಿನ ದೀಪವನ್ನು ಅಜ್ಜಿಯೇ ಹಚ್ಚಬೇಕು, ರಾಗಿಯ ಕಣಜಕ್ಕೆ ದೊಡ್ಡಮ್ಮನೇ ಕೈಹಾಕಬೇಕು ಎನ್ನುವಂತೆ ಇದೂ ಮನೆಯ ಒಂದು ರೀತಿ ಎಂದುಕೊಂಡೇ ನಾನು ಬೆಳೆದೆ. ಐಮಂಗಲದಲ್ಲಿ ಹೆದ್ದಾರಿಯ ಪಕ್ಕಕ್ಕೇ ಇದ್ದ ಮಣ್ಣಿನ ಮಾಳಿಗೆಮನೆ ನಮ್ಮದು. ಭಾರದ ಲಾರಿ ಹಾದುಹೋದರೆ ಅಡುಗೆಮನೆಯ ಗೋಡೆಯಲ್ಲಿ ಸಾಲಾಗಿ ಇಟ್ಟ ತಟ್ಟೆಗಳು ಸಣ್ಣಗೆ ಸದ್ದು ಮಾಡುತ್ತಿದ್ದವು. ಮನೆಗೆ ಆನಿಸಿಕೊಂಡು ತೆಂಗಿನ ಗರಿಯ ಚಪ್ಪರ, ಅದರ ಕೆಳಗೆ ಪಿಕಪ್. ಮೂಗು ಮುಂದಕ್ಕೆ ಚಾಚಿದ ಹಳೆಯ ಕಾಲದ ವಿಲಾಯಿತಿ ಗಾಡಿ ಅದು. ಮುಂದೆ ಮೂವರು ಕೂರುವ ಉದ್ದನೆಯ ಸೀಟು, ಹಿಂದೆ ಮರದ ಹಲಗೆ ಹಾಕಿಸಿದ ತೆರೆದ ಭಾಗ. ಹಸಿರು ಬಣ್ಣ ಬಿಸಿಲಿಗೆ ಸುಟ್ಟು ಒಣಗಿದ ಬೇವಿನೆಲೆಯಂತಾಗಿತ್ತು. ಅಪ್ಪ ಅದರಲ್ಲಿ ಈರುಳ್ಳಿ, ಕಡ್ಲೆಕಾಯಿ ಹೇರಿಕೊಂಡು ಚಿತ್ರದುರ್ಗಕ್ಕೋ ಹೊಳಲ್ಕೆರೆಗೋ ಹೋಗುತ್ತಿದ್ದ. ಬಂದ ಮೇಲೆ ಒಬ್ಬನೇ ಬಾನೆಟ್ ಎತ್ತಿ, ತಲೆ ಒಳಗೆ ಹಾಕಿ, ಬಹಳ ಹೊತ್ತು ಏನೋ ಒರೆಸುತ್ತ ನಿಂತಿರುತ್ತಿದ್ದ. ನಾನು ಹತ್ತಿರ ಹೋದರೆ ಮುಚ್ಚಿಬಿಡುತ್ತಿದ್ದ. ಬಿಸಿ ಐತೆ, ಕೈ ಸುಡ್ತೈತೆ ಎನ್ನುತ್ತಿದ್ದ.

ನಾನಿನ್ನೂ ಶಾಲೆಗೆ ಸೇರದ ಕಾಲದಲ್ಲೇ ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ತೀರಿಕೊಂಡಿದ್ದ. ಮಿಲಿಟರಿಯವರು ಹರಾಜಿಗೆ ಬಿಟ್ಟಿದ್ದ ಒಂದು ಸಣ್ಣ ಲಾರಿ ಆಗ ಅವನ ಹತ್ತಿರ ಇತ್ತಂತೆ. ಹೊಸದುರ್ಗದ ಕಡೆಯಿಂದ ತೆಂಗಿನಕಾಯಿ ಹೇರಿಕೊಂಡು ಅಣ್ಣ ತಮ್ಮ ಇಬ್ಬರೂ ಬರುತ್ತಿದ್ದಾಗ ಮಾರಿಕಣಿವೆಯ ಹತ್ತಿರ ಇಳಿಜಾರಿನಲ್ಲಿ ಇಂಜಿನ್ ಇದ್ದಕ್ಕಿದ್ದಂತೆ ಕಚ್ಚಿಕೊಂಡು, ಗಾಲಿಗಳು ಬಿಗಿದು, ಲಾರಿ ಮರಕ್ಕೆ ಬಡಿಯಿತು. ಓಡಿಸುತ್ತಿದ್ದ ದೊಡ್ಡಪ್ಪ ಉಳಿಯಲಿಲ್ಲ. ಪಕ್ಕದಲ್ಲಿದ್ದ ಅಪ್ಪ ಭುಜ ಮುರಿದುಕೊಂಡು ಉಳಿದ. ಒಡೆದುಹೋದ ಇಂಜಿನ್ನನ್ನು ದುರ್ಗದ ಗುಜರಿಯವನಿಗೆ ತೂಕಕ್ಕೆ ಹಾಕಿಬಂದ. ಇಷ್ಟು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಹೊರಗಿನವರು ಕೇಳಿದರೂ ಇದೇ ಮಾತುಗಳು ಇದೇ ಕ್ರಮದಲ್ಲಿ ಬರುತ್ತಿದ್ದವು. ಅದಾದ ಎಷ್ಟೋ ದಿನಗಳ ಮೇಲೆ ಅಪ್ಪ ಈ ಹಸಿರು ಪಿಕಪ್ಪನ್ನು ಎಲ್ಲಿಂದಲೋ ತಂದ. ಆಯುಧಪೂಜೆಯ ದಿನ ನೇಗಿಲು, ಕುಡುಗೋಲು, ಒನಕೆ ಎಲ್ಲಕ್ಕೂ ಕುಂಕುಮ ಇಡುತ್ತಿದ್ದ ಅಜ್ಜಿ ಪಿಕಪ್ಪಿನ ಮುಂದೆ ಮಾತ್ರ ಮುಖ ತಿರುಗಿಸಿ ನಡೆದುಬಿಡುತ್ತಿದ್ದಳು.

"ಇದು ಆ ಗಾಡಿ ಅಲ್ಲ ಅತ್ತೆ," ಎಂದು ಅವ್ವ ಸಮಾಧಾನ ಹೇಳುತ್ತಿದ್ದಳು.

"ಇಂಜಿನ್ ಅಂದ್ರೆ ಎಲ್ಲಾ ಒಂದೇ ಜಾತಿ ಕಣೇ. ನನ್ನ ಮಗನ್ನ ತಿಂದ ಜಾತಿ," ಎನ್ನುತ್ತಿದ್ದಳು ಅಜ್ಜಿ. ಅಪ್ಪ ತಲೆ ತಗ್ಗಿಸಿಕೊಂಡು ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತಿದ್ದ.

ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ. ನಾನು ಅವಳ ಪಕ್ಕದಲ್ಲೇ ಮಲಗುತ್ತಿದ್ದೆ, ಅವಳೇ ನನ್ನ ಜಡೆ ಹೆಣೆಯುತ್ತಿದ್ದಳು. ಗಂಡ ಹೋದ ಮೇಲೆ ಅವಳ ಅಣ್ಣಂದಿರು ಯಲ್ಲದಕೆರೆಯಿಂದ ಕರೆಯಲು ಬಂದಾಗ ಅಪ್ಪ ಹೊಸ್ತಿಲಿಗೆ ಅಡ್ಡ ಕೂತು ಬಿಡಲಿಲ್ಲವಂತೆ. ಹೊಲದಲ್ಲಿ ಯಾವ ಬೆಳೆ ಇಡಬೇಕು ಎನ್ನುವುದರಿಂದ ಹಿಡಿದು ನನ್ನ ಲಂಗದ ಬಟ್ಟೆಯವರೆಗೆ ಅತ್ತಿಗೆಯನ್ನು ಕೇಳದೆ ಅಪ್ಪ ಮುಂದುವರಿಯುತ್ತಿರಲಿಲ್ಲ. ಅವನ ತಟ್ಟೆಗೆ ಮುದ್ದೆ ಅವಳ ಕೈಯಿಂದಲೇ ಬೀಳಬೇಕು. ಇದಕ್ಕೆ ಅವ್ವ ಆಗಾಗ ಸಿಡುಕುತ್ತಿದ್ದಳು, ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದಳು. ಊರಿನವರು ಮಾತ್ರ ಇಂಥ ಮೈದುನ ಯಾರಿಗುಂಟು ಎಂದು ಹೊಗಳುತ್ತಿದ್ದರು. ಹಿರಿಯೂರು ಸಂತೆಗೆ ಹೋಗುವಾಗ ದೊಡ್ಡಮ್ಮ ಪಿಕಪ್ಪಿನ ಕಿಟಕಿಯ ಪಕ್ಕ ಕೂರುತ್ತಿದ್ದಳು, ನಾನು ನಡುವೆ. ಗಾಳಿಗೆ ಸೆರಗು ಬಿಗಿಹಿಡಿದು ಹೊರಗೆ ನೋಡುವಾಗ ಅವಳ ಮುಖ ಅಡುಗೆಮನೆಯಲ್ಲಿ ಕಾಣುವುದಕ್ಕಿಂತ ಚಿಕ್ಕದಾಗಿ, ಚಿಕ್ಕ ವಯಸ್ಸಿನದಾಗಿ ಕಾಣುತ್ತಿತ್ತು.

ನನಗೆ ಹತ್ತು ಹನ್ನೊಂದು ವರ್ಷವಿದ್ದಾಗ ಒಂದು ಸಲ ಈರುಳ್ಳಿ ಕಿತ್ತು ಹೊಲದಲ್ಲಿ ಗುಡ್ಡೆ ಹಾಕಿದ ಹೊತ್ತಿಗೆ ಸರಿಯಾಗಿ ಪಿಕಪ್ ಕೆಟ್ಟಿತು. ಹಿಂದಿನಿಂದ ಬಿಳಿ ಹೊಗೆ ಬಂತು, ಇಂಜಿನ್ನಿನ ಆಯಿಲ್ ಮಜ್ಜಿಗೆಯ ಹಾಗೆ ಬೆಳ್ಳಗಾಯಿತು. ಅದೇ ವಾರ ಅಪ್ಪನಿಗೆ ಕಾಮಾಲೆ ಹತ್ತಿತು. ಕಣ್ಣು, ಉಗುರು ಎಲ್ಲ ಅರಿಶಿನ. ಅಜ್ಜಿ ಬೆಳಿಗ್ಗೆ ಎದ್ದು ನೆಲನೆಲ್ಲಿ ಅರೆದು ಕುಡಿಸುತ್ತಿದ್ದಳು, ಉಪ್ಪು ಎಣ್ಣೆ ಇಲ್ಲದ ಗಂಜಿ ಕೊಡುತ್ತಿದ್ದಳು. ಅಪ್ಪ ಪಡಸಾಲೆಯ ಚಾಪೆಯ ಮೇಲೆ ಗೋಡೆಗೆ ಮುಖಮಾಡಿ ಮಲಗಿದ್ದ. ಮಧ್ಯಾಹ್ನವಾದರೆ ಮೋಡ ಕಟ್ಟುತ್ತಿತ್ತು. ಒಂದು ಮಳೆ ಬಿದ್ದರೆ ಈರುಳ್ಳಿ ಕೊಳೆಯುತ್ತದೆ. ಗಾಡಿಯನ್ನು ಯಾರಿಗಾದರೂ ತೋರಿಸೋಣ ಎಂದರೆ ಅಪ್ಪ ಒಪ್ಪಲಿಲ್ಲ. ನಾ ಎದ್ದ ಮ್ಯಾಲೆ ನೋಡ್ತೀನಿ, ಯಾರೂ ಮುಟ್ಟಬ್ಯಾಡ್ರಿ ಎಂದ. ಅವ್ವ ಎರಡು ದಿನ ಕಾದಳು. ಆಮೇಲೆ ಯಾರನ್ನೂ ಕೇಳದೆ ಹಿರಿಯೂರಿನ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ ತನ್ನ ತಮ್ಮನಿಗೆ, ನಮ್ಮ ರಂಗಮಾವನಿಗೆ, ಹೇಳಿಕಳಿಸಿದಳು.

ಮಾವ ಬೆಳಗಿನ ಬಸ್ಸಿಗೇ ಬಂದ. ಗ್ಯಾಸ್ಕೆಟ್ ಹೋಗಿರಬೇಕು, ಇಂಜಿನ್ನಿನ ತಲೆಗೂ ಮೈಗೂ ನಡುವೆ ಕೂರುವ ತಗಡು ಅದು, ಸುಟ್ಟುಹೋದರೆ ನೀರು ಆಯಿಲಿಗೆ ಇಳಿಯುತ್ತದೆ ಎಂದು ನನಗೆ ವಿವರಿಸಿದ. ಆ ಗಾಡಿಗೆ ಹೊಂದುವ ಹೊಸ ಗ್ಯಾಸ್ಕೆಟ್ಟನ್ನು ಜೊತೆಗೇ ತಂದಿದ್ದ. ಬಾನೆಟ್ ಎತ್ತಿದ. ಅಲ್ಲಿಯವರೆಗೆ ನಾನು ಅದರೊಳಗನ್ನು ಸರಿಯಾಗಿ ನೋಡಿರಲೇ ಇಲ್ಲ. ಮಾವ ಕೈಯಲ್ಲಿದ್ದ ಗ್ಯಾಸ್ಕೆಟ್ಟನ್ನು ನೋಡಿದ, ಇಂಜಿನ್ನನ್ನು ನೋಡಿದ.

"ಪಾರಿ, ಈ ದಪ್ಪ ವೈರು ಎಷ್ಟವೆ ನೋಡು."

"ಆರು ಮಾವ."

"ಒಂದೊಂದು ವೈರಿಗೆ ಒಂದೊಂದು ಪ್ಲಗ್ಗು, ಒಂದೊಂದು ಸಿಲಿಂಡರು. ಈ ಗಾಡಿಗೆ ಬರೋದು ನಾಲ್ಕೇ. ಇದ್ರಾಗಿರೋದು ಈ ಗಾಡಿ ಇಂಜಿನ್ನೇ ಅಲ್ಲ."

ದಿನವೂ ನೋಡುತ್ತಿದ್ದ ಮನುಷ್ಯನ ಹೆಸರು ಬೇರೆಯೇ ಅಂತೆ ಎಂದು ಯಾರೋ ಹೇಳಿದ ಹಾಗಾಯಿತು. ಯಾವ ಇಂಜಿನ್ ಎಂದು ಗೊತ್ತಾಗದೆ ಯಾವ ಅಂಗಡಿಯವನೂ ಗ್ಯಾಸ್ಕೆಟ್ ಕೊಡುವುದಿಲ್ಲ, ನಂಬರ್ ನೋಡೋಣ ಎಂದು ಮಾವ ಚಿಂದಿಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಜಿಡ್ಡು ಒರೆಸತೊಡಗಿದ. ಇಂಜಿನ್ನಿನ ಪಕ್ಕದಲ್ಲಿ ಅಂಗೈಯಗಲದ ಒಂದು ಸಮತಟ್ಟು ಜಾಗ ಹೊರಬಂತು. ನಂಬರ್ ಇರಬೇಕಾದದ್ದು ಅಲ್ಲೇ. ಅಲ್ಲಿ ಅಂಕಿಗಳಿರಲಿಲ್ಲ. ಅರದಿಂದ ಉಜ್ಜಿದ ಗೀರುಗಳು ಓರೆಯಾಗಿ, ಒಂದರ ಮೇಲೊಂದು ಇದ್ದವು. ಮಾವ ತಲೆ ಎತ್ತಿ ರಸ್ತೆಯ ಕಡೆ ನೋಡಿದ, ಬಾನೆಟ್ಟನ್ನು ಅರ್ಧ ಇಳಿಸಿದ. ಅವ್ವನನ್ನು ಮೆಲ್ಲಗೆ ಕರೆದ.

"ಅಕ್ಕ, ಈ ಇಂಜಿನ್ನ ಭಾವ ಎಲ್ಲಿಂದ ತಂದ್ರು?"

"ಗಾಡಿ ಜೊತೆಗೇ ಬಂದಿದ್ದಲ್ಲೇನೋ."

"ಅಲ್ಲಕ್ಕ. ನಂಬರ್ ಉಜ್ಜಿ ಹಾಕವ್ರೆ. ಕದ್ದ ಮಾಲಿಗೆ ಹಿಂಗ್ ಮಾಡೋದು."

"ನಾಲಿಗೆ ಬಿಗಿ ಹಿಡ್ದು ಮಾತಾಡು ರಂಗ. ನನ್ನ ಗಂಡನ್ನ ಕಳ್ಳ ಅಂತೀಯಾ?"

"ನಾ ಅನ್ನಲ್ಲ. ಪೊಲೀಸ್ನೋರು ನೋಡಿದ್ರೆ ಅಂತಾರೆ. ನನ್ನೂ ಕರ್ಕಂಡು ಹೋಗ್ತಾರೆ."

ಅವ್ವ ಚಪ್ಪರದ ಕಂಬ ಹಿಡಿದುಕೊಂಡಳು. ಇಬ್ಬರ ದನಿಯೂ ಏರತೊಡಗಿತು. ತವರಿನವರು ಬಂದದ್ದೇ ತಪ್ಪಾಯಿತು ಎಂದಳು ಅವ್ವ. ಕರೆಸಿದ್ದು ಯಾರು ಎಂದ ಮಾವ. ಗದ್ದಲ ಕೇಳಿ ದೊಡ್ಡಮ್ಮ ಅಡುಗೆಮನೆಯಿಂದ ಹೊರಬಂದಳು. ಹಿಟ್ಟು ನಾದುತ್ತಿದ್ದ ಕೈ, ಮೊಣಕೈವರೆಗೆ ಜೋಳದ ಹಿಟ್ಟು. ವಿಷಯ ತಿಳಿದ ಮೇಲೆ ಅವಳು ಗಾಬರಿಯಾಗಲಿಲ್ಲ. ತಿಪ್ಪಣ್ಣ ಕದಿಯೋನಲ್ಲ, ಇನ್ನೇನೋ ಇರಬೇಕು ಎಂದಳು. ಅಪ್ಪನನ್ನು ಅವಳು ಹೆಸರು ಹಿಡಿದೇ ಕರೆಯುತ್ತಿದ್ದಳು. ಮಾವ ಮತ್ತೆ ಬಾನೆಟ್ ಎತ್ತಿದ. ಎಲ್ಲಾದರೂ ಅಕ್ಷರವೋ ಗುರುತೋ ಸಿಗಬಹುದು ಎಂದು ಇಂಜಿನ್ನಿನ ಇನ್ನೊಂದು ಬದಿಯನ್ನು ಒರೆಸುತ್ತ ಹೋದ. ಕರಿ ಜಿಡ್ಡಿನ ಅಡಿಯಿಂದ ಹಳದಿ ಚುಕ್ಕೆಗಳು ಕಾಣಿಸಿದವು. ಹಿತ್ತಾಳೆಯ ಸಣ್ಣ ಸಣ್ಣ ಸ್ಕ್ರೂಗಳು, ಒಂದಕ್ಕೊಂದು ಅಂಟಿಕೊಂಡು, ಒಂದು ಗೆರೆಯಲ್ಲಿ.

"ಬ್ಲಾಕು, ಇಂಜಿನ್ನಿನ ಮೈ, ಸೀಳಿತ್ತು ಕಾಣಿಸ್ತೈತೆ. ಯಾರೋ ಒಳ್ಳೆ ಕೆಲಸಗಾರ ಸ್ಕ್ರೂ ಕೂರಿಸಿ ಮುಚ್ಚವ್ನೆ," ಎಂದ ಮಾವ.

ದೊಡ್ಡಮ್ಮ ಹತ್ತಿರ ಬಂದು ಬಗ್ಗಿದಳು.

"ಇನ್ನೊಂಚೂರು ಒರೆಸು ರಂಗಪ್ಪ. ಕೊನೇದು ಸೊಟ್ಟ ಐತಾ ನೋಡು."

ಮಾವ ಒರೆಸಿದ. ಕೊನೆಯ ಸ್ಕ್ರೂ ಗೆರೆ ತಪ್ಪಿ ಕೆಳಕ್ಕೆ ವಾಲಿತ್ತು.

ದೊಡ್ಡಮ್ಮ ಕೈ ಚಾಚಿ ಆ ಗೆರೆಯ ಮೇಲೆ ಬೆರಳಾಡಿಸಿದಳು. ಕಪ್ಪು ಕಬ್ಬಿಣದ ಮೇಲೆ ಹಿಟ್ಟಿನ ಬಿಳಿ ಗೀರು ಮೂಡಿತು. ಅವಳು ಮಾತಾಡಿದ್ದು ಮಾವನಿಗಲ್ಲ, ಅವ್ವನಿಗೂ ಅಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಗಂಡ ಹೊರಗಿನಿಂದ ಬಂದು ಗಾಡಿ ಕಾದೈತೆ, ನೀರು ತಾ ಎಂದನಂತೆ. ಇವಳು ಬಾವಿಯ ತಣ್ಣೀರನ್ನು ತಂದು ಕಾದ ಇಂಜಿನ್ನಿಗೆ ತಾನೇ ಸುರಿದಳು. ಟಣ್ ಎಂದು ಸದ್ದಾಗಿ ಇಂಜಿನ್ನಿನ ಮೈ ಸೀಳಿತು. ಹೊಸ ಸೊಸೆ ಮೊದಲನೇ ತಿಂಗಳಲ್ಲೇ ಮನೆ ಮುಳುಗಿಸಿದಳು ಎಂದು ಅವಳು ಕಣಜದ ಹಿಂದೆ ಕೂತು ಅತ್ತಿದ್ದಳು. ಅವನು ಒಂದು ಮಾತು ಬೈಯಲಿಲ್ಲ. ದಾವಣಗೆರೆಗೆ ಒಯ್ದು ಈ ಸ್ಕ್ರೂಗಳನ್ನು ಕೂರಿಸಿಕೊಂಡು ಬಂದ. ಕೊನೆಯದೊಂದು ಸೊಟ್ಟಗಾಗಿತ್ತು.

"'ನಿನ್ನ ರವಿಕೆ ಹೊಲಿದಂಗೆ ಹೊಲಿಸ್ಕಂಡು ಬಂದೀನಿ ನೋಡು' ಅಂದ್ರು," ಎಂದಳು ದೊಡ್ಡಮ್ಮ. "ಇದು ಅವರ ಮಿಲ್ಟ್ರಿ ಗಾಡಿ ಇಂಜಿನ್ನು."

ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಮಾವ ಬಟ್ಟೆಯನ್ನು ಕೈಯಲ್ಲೇ ಹಿಡಿದು ನಿಂತ. ನನಗೆ ಮೊದಲು ಹೊಳೆದದ್ದು ಸಂತೆಗೆ ಹೋಗುತ್ತಿದ್ದ ದಿನಗಳು. ದೊಡ್ಡಪ್ಪನನ್ನು ತಿಂದದ್ದು ಎಂದು ಅಜ್ಜಿ ಶಪಿಸುತ್ತಿದ್ದ ಆ ಇಂಜಿನ್ ನಮ್ಮ ಮೊಣಕಾಲಿನ ಮುಂದೆಯೇ ಇತ್ತು, ಅದರ ಬಿಸಿ ನಮ್ಮ ಪಾದಕ್ಕೆ ತಾಗುತ್ತಿತ್ತು, ನಾವು ಚುರುಮುರಿ ತಿನ್ನುತ್ತ ಕೂತಿದ್ದೆವು. ದೊಡ್ಡಮ್ಮ ಕೈ ತೊಳೆಯದೆ ಮನೆಯೊಳಗೆ ನಡೆದಳು. ಎಲ್ಲರೂ ಹಿಂದೆ ಹೋದೆವು.

ಅಪ್ಪ ಎಚ್ಚರವಾಗಿದ್ದ. ಅಜ್ಜಿ ಕಂಬಕ್ಕೆ ಒರಗಿ ಮೊರದಲ್ಲಿ ಅವರೆಕಾಳು ಆರಿಸುತ್ತಿದ್ದಳು.

"ತಿಪ್ಪಣ್ಣ, ಆ ಇಂಜಿನ್ ಅವರದ್ದು."

ಯಾವ ಇಂಜಿನ್ ಎಂದು ಅಪ್ಪ ಕೇಳಲಿಲ್ಲ. ಎದ್ದು ಕೂರಲು ಹೋದ, ಆಗಲಿಲ್ಲ, ಮೊಣಕೈ ಊರಿಕೊಂಡ. ಅವನ ಹಳದಿ ಕಣ್ಣುಗಳು ದೊಡ್ಡಮ್ಮನ ಹಿಟ್ಟು ಮೆತ್ತಿದ ಕೈಯ ಮೇಲೇ ಇದ್ದವು.

"ಗುಜರಿಯೋನು ಸುತ್ತಿಗೆ ಎತ್ತಿದ್ದ ಅತ್ತಿಗೆ. ಅಣ್ಣನ ಕೈ ಓಡಾಡಿದ ಇಂಜಿನ್ನು. ಒಡೆಯೋದ ನೋಡಾಕೆ ಆಗ್ಲಿಲ್ಲ. ಅಲ್ಲೇ ಒಂದು ಕಡೆ ಬಿಟ್ಟಿದ್ದೆ. ಇಂಜಿನ್ ಇಲ್ದೆ ನಿಂತಿದ್ದ ಈ ಗಾಡಿ ಸಿಕ್ಕಾಗ ಇದ್ರಾಗೆ ಕೂರಿಸ್ದೆ. ಯಾರಾದ್ರೂ ನಂಬರ್ ನೋಡಿ ಗುರುತು ಹಿಡಿದ್ರೆ ನಿಮಗೆ ಹೆಂಗ್ ಹೇಳೋದು ಅಂತ ಅದನ್ನ ಉಜ್ಜಿದೆ."

"ನಾ ಕೇಳಾಕೆ ಬಂದಿದ್ದು ಅದಲ್ಲ. ಇಂಜಿನ್ ಕಚ್ಕಂತು ಅಂದಿದ್ದೆ ನೀನು. ಒಡೆದು ಚೂರಾತು ಅಂದಿದ್ದೆ. ಅಂಥದ್ದು ಇಷ್ಟು ವರ್ಷ ಹೆಂಗ್ ಓಡ್ತು?"

ಅಜ್ಜಿಯ ಕೈ ಮೊರದ ಮೇಲೆ ನಿಂತಿತು. ರಸ್ತೆಯಲ್ಲಿ ಲಾರಿಯೊಂದು ಹೋಯಿತು.

"ಇಂಜಿನ್ ಚೆನ್ನಾಗೇ ಇತ್ತು. ನಾನೇ ಆರ್ಸಿದ್ದು."

ಆ ಮಾತು ನನಗೆ ಆಗ ಅರ್ಥವಾಗಲಿಲ್ಲ. ಮಾವನಿಗೆ ಅರ್ಥವಾಯಿತು. ಬೆಳಗಿನಿಂದ ಓಡಿಸಿ ಸಾಕಾದ ದೊಡ್ಡಪ್ಪ ಹೊಸದುರ್ಗ ದಾಟಿದ ಮೇಲೆ ತಮ್ಮನಿಗೆ ಸ್ಟೇರಿಂಗ್ ಕೊಟ್ಟು ಎಡಗಡೆ ಕೂತು ತೂಕಡಿಸುತ್ತಿದ್ದ. ಅಪ್ಪ ಆಗಿನ್ನೂ ಕಲಿಯುತ್ತಿದ್ದ, ಲೈಸೆನ್ಸ್ ಇರಲಿಲ್ಲ. ಇಳಿಜಾರಿನಲ್ಲಿ ಇಂಜಿನ್ ಆರಿಸಿ ಗೇರು ಬಿಡಿಸಿ ಗಾಡಿಯನ್ನು ತನ್ನಷ್ಟಕ್ಕೆ ಹರಿಯಬಿಟ್ಟರೆ ಪೆಟ್ರೋಲ್ ಉಳಿಯುತ್ತದೆ ಎಂದು ಯಾರೋ ಡ್ರೈವರು ಹೇಳಿದ್ದನ್ನು ಮಾಡಿ ನೋಡಿದ. ಭಾರದ ಗಾಡಿ ಓಟ ಹಿಡಿಯಿತು. ಬ್ರೇಕು ಕಾದು ಹಿಡಿಯದಾಯಿತು. ಮತ್ತೆ ಗೇರು ಬೀಳಲಿಲ್ಲ. ತಿರುವಿನಲ್ಲಿ ಲಾರಿಯ ಎಡಮಗ್ಗಲು ಹುಣಿಸೆಮರಕ್ಕೆ ಬಡಿಯಿತು.

ಹೇಳಿ ಮುಗಿಸಿದ ಮೇಲೆ ಪಡಸಾಲೆಯಲ್ಲಿ ಯಾರೂ ಅಳಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ನಮ್ಮ ಮನೆಯಲ್ಲಿ ಕರು ಸತ್ತರೂ ಅಳುತ್ತಿದ್ದರು. ಮೊದಲು ಮಾತಾಡಿದವಳು ಅಜ್ಜಿ, ಸತ್ತವನಿಗೂ ಉಳಿದವನಿಗೂ ತಾಯಿ.

"ನೀರು ಕೊಟ್ಟೇನೋ ಅವನಿಗೆ?"

"ಕೊಟ್ಟೆ ಅವ್ವ. ಗಾಡಿಗಂತ ಕ್ಯಾನಿನಾಗೆ ಇಟ್ಕಂಡಿದ್ದ ನೀರು."

"ಕುಡುದ್ನಾ?"

"ಒಂದು ಗುಟುಕು ಕುಡ್ದ."

ಅಜ್ಜಿ ಮೊರವನ್ನು ಪಕ್ಕಕ್ಕಿಟ್ಟಳು. ಅಲ್ಲಿಯವರೆಗೆ ದೊಡ್ಡಪ್ಪ ಬಡಿದ ಏಟಿಗೇ ಹೋದ ಎಂದೇ ಎಲ್ಲರೂ ತಿಳಿದಿದ್ದರು. ಅವನು ನೀರು ಕುಡಿಯುವಷ್ಟು ಹೊತ್ತು ಬದುಕಿದ್ದ ಎನ್ನುವುದು ದೊಡ್ಡಮ್ಮನಿಗೆ ತಾಗಿದ್ದು ಈಗ.

"ಮಾತಾಡಿದ್ರಾ?"

"'ನಿನ್ನತಾವ ಲೈಸೆನ್ಸ್ ಇಲ್ಲ, ನಾನೇ ಓಡಿಸ್ತಿದ್ದೆ ಅಂತ ಹೇಳು' ಅಂದ."

"ಆಮೇಲೆ?"

"ಅಷ್ಟೇ."

"ನನ್ನ ಬಗ್ಗೆ ಏನೂ ಅನ್ಲಿಲ್ವಾ?"

"ಇಲ್ಲ ಅತ್ತಿಗೆ."

ಈಗ ಯೋಚಿಸಿದರೆ ಅಲ್ಲೊಂದು ಸುಳ್ಳು ಹೇಳುವುದು ಅಪ್ಪನಿಗೆ ಎಷ್ಟು ಸುಲಭವಿತ್ತು ಅನ್ನಿಸುತ್ತದೆ. ನಿಮ್ಮ ಹೆಸರು ಹೇಳಿದ ಎಂದಿದ್ದರೆ ಯಾರು ಹೋಗಿ ವಿಚಾರಿಸುತ್ತಿದ್ದರು? ವರ್ಷಗಟ್ಟಲೆ ಒಂದು ಸುಳ್ಳನ್ನು ಸಾಕಿದ ಮನುಷ್ಯ ಅವತ್ತು ಇನ್ನೊಂದನ್ನು ಹೇಳಲಿಲ್ಲ. ದೊಡ್ಡಮ್ಮ ಎದ್ದು ಬಚ್ಚಲಿಗೆ ಹೋಗಿ ಕೈ ತೊಳೆದಳು. ಹಿಟ್ಟು ಒಣಗಿ ಗಟ್ಟಿಯಾಗಿತ್ತು, ಬಹಳ ಹೊತ್ತು ಉಜ್ಜಿದಳು.

ಅವಳು ತವರಿಗೆ ಹೊರಟುಬಿಡುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಅಡುಗೆ ಎಂದಿನಂತೆ ಮಾಡಿದಳು. ಆದರೆ ಅಪ್ಪನ ಗಂಜಿಯನ್ನು ಒಲೆಕಟ್ಟೆಯ ಮೇಲಿಟ್ಟು ಹಿತ್ತಲಿಗೆ ಹೋಗುತ್ತಿದ್ದಳು, ಅವ್ವ ಬಂದು ಅದನ್ನು ಎತ್ತಿಕೊಂಡು ಹೋಗುತ್ತಿದ್ದಳು. ಯಾವ ಹಕ್ಕಿಗಾಗಿ ಅವ್ವ ಅಷ್ಟು ವರ್ಷ ಸಿಡುಕಿದ್ದಳೋ ಅದು ಕೈಗೆ ಬಂದಾಗ ಅವಳಿಗೆ ಬೇಡವಾಗಿತ್ತು. ಅಜ್ಜಿ ಬೆಳಿಗ್ಗೆ ನೆಲನೆಲ್ಲಿ ರಸ ಕುಡಿಸುವುದನ್ನು ಬಿಡಲಿಲ್ಲ. ಮುಖ ಆ ಕಡೆ ಮಾಡಿ ಲೋಟ ಈ ಕಡೆ ಚಾಚುತ್ತಿದ್ದಳು, ಅಪ್ಪ ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದ. ಈರುಳ್ಳಿಯನ್ನು ಪಕ್ಕದ ಮನೆಯವರ ಎತ್ತಿನಗಾಡಿಯಲ್ಲಿ ಸಾಗಿಸಿದೆವು, ಅಡಿಯ ಒಂದು ಪದರ ಕೊಳೆಯಿತು. ಯಾವ ಇಂಜಿನ್ ಎನ್ನುವುದು ಈಗ ತಿಳಿದಿದ್ದರಿಂದ ಮಾವ ದಾವಣಗೆರೆಯಲ್ಲಿ ಹುಡುಕಿ ಸರಿಯಾದ ಗ್ಯಾಸ್ಕೆಟ್ ತಂದು ಹಾಕಿದ. ರಿಪೇರಿಯಾದ ಗಾಡಿಯನ್ನು ಯಾರೂ ಮುಟ್ಟಲಿಲ್ಲ. ರಾತ್ರಿ ಪಕ್ಕದಲ್ಲಿ ಮಲಗಿದಾಗ ದೊಡ್ಡಮ್ಮನ ಉಸಿರಾಟದಿಂದಲೇ ಅವಳು ಎಚ್ಚರವಿದ್ದಾಳೆ ಎಂದು ಗೊತ್ತಾಗುತ್ತಿತ್ತು. ನಾನು ಏನಾದರೂ ಕೇಳಿದರೆ ಮಲ್ಕೋ ಎನ್ನುತ್ತಿದ್ದಳು.

ಅಪ್ಪ ಎದ್ದು ಓಡಾಡುವಂತಾದ ಮೇಲೆ ಒಂದು ಬೆಳಿಗ್ಗೆ ದೊಡ್ಡಮ್ಮ ಚಪ್ಪರಕ್ಕೆ ಬಂದು ನಿಂತಳು.

"ಗಾಡಿ ತೆಗಿ. ಆ ಜಾಗ ತೋರ್ಸು."

ಹೊರಡುವಾಗ ಅವಳು ನನ್ನ ಮಣಿಕಟ್ಟು ಹಿಡಿದಿದ್ದಳು, ಹಾಗಾಗಿ ನಾನೂ ಹತ್ತಿದೆ. ಹಿರಿಯೂರು ದಾಟಿ ಮಾರಿಕಣಿವೆಯ ಕಡೆ ತಿರುಗಿದೆವು. ಏರು ಹತ್ತುವಾಗ ಬಲಗಡೆಯ ಒಂದು ಹುಣಿಸೆಮರವನ್ನು ನೋಡದಿರಲು ಅಪ್ಪ ಕತ್ತು ಬಿಗಿಹಿಡಿದಿದ್ದು ನನಗೆ ತಿಳಿಯಿತು. ಮೇಲೆ ಹೋಗಿ ಗಾಡಿ ತಿರುಗಿಸಿ, ಮೆಲ್ಲಗೆ ಇಳಿಸಿ, ಮರದ ಹತ್ತಿರ ನಿಲ್ಲಿಸಿದ. ಸೊಂಟದೆತ್ತರದಲ್ಲಿ ತೊಗಟೆ ಕಿತ್ತುಹೋಗಿ, ಸುತ್ತಲೂ ಹೊಸ ತೊಗಟೆ ತುಟಿಯಂತೆ ಉಬ್ಬಿ ಬೆಳೆದಿತ್ತು. ದೊಡ್ಡಮ್ಮ ಇಳಿದು ಮರದ ಸುತ್ತ ನಡೆದಳು. ಒಂದು ಕಡೆ ನೆಲವನ್ನು ನೋಡಿ, ಅವರು ಹೋಗಿದ್ದು ಇಲ್ಲೇನಾ ಎಂದು ಕೇಳಿದಳು. ಅಪ್ಪ ಹೌದೆಂದು ತಲೆಯಾಡಿಸಿದ. ಅವಳು ಅಲ್ಲಿ ಸ್ವಲ್ಪ ಹೊತ್ತು ಕೂತಳು. ನೆಲದ ಮೇಲೆ ಅಂಗೈ ಊರಿ ಎದ್ದಳು.

"ಮತ್ತೆ ಮ್ಯಾಲಕ್ಕೆ ಹೋಗು. ಅಲ್ಲಿಂದ ಪೂರ್ತಿ ಕೆಳಗಿನ ತನಕ ಇಳಿಸು. ಇಂಜಿನ್ ಆರಿಸ್ದಂಗೆ."

ಅಪ್ಪ ಅವಳ ಮುಖ ನೋಡಿದ. ಮತ್ತೆ ಮೇಲೆ ಹೋದೆವು. ಚಿಕ್ಕ ಗೇರಿಗೆ ಹಾಕಿ ಇಳಿಸತೊಡಗಿದ. ಇಂಜಿನ್ ಗುರುಗುಟ್ಟುತ್ತ ಗಾಡಿಯನ್ನು ಹಿಂದಕ್ಕೆ ಜಗ್ಗಿ ಹಿಡಿದುಕೊಂಡಿತು, ಎಮ್ಮೆಯನ್ನು ಹಗ್ಗದಲ್ಲಿ ತಡೆದು ಇಳಿಸುವ ಹಾಗೆ. ಅಪ್ಪ ಬ್ರೇಕಿನ ಮೇಲೆ ಕಾಲಿಟ್ಟದ್ದೇ ಕಡಿಮೆ. ತಿರುವು ಬಂತು, ಮರ ಬಂತು, ಎಡಗಡೆಯ ಕಿಟಕಿಯಲ್ಲಿ ಕೈಗೆ ಎಟುಕುವಷ್ಟು ದೂರದಲ್ಲಿ ನಿಧಾನವಾಗಿ ಹಿಂದೆ ಸರಿಯಿತು. ಆಮೇಲೆ ಬಯಲು, ಕಡ್ಲೆಕಾಯಿ ಹೊಲ, ಕುರಿಮಂದೆ. ಎಲ್ಲ ಅಷ್ಟೇ. ಇಷ್ಟೊಂದು ಸಲೀಸಾಗಿ ಇಳಿಯಬಹುದಾದ ಜಾಗದಲ್ಲಿ ದೊಡ್ಡಪ್ಪ ಸತ್ತಿದ್ದ ಎನ್ನುವುದು, ಪಡಸಾಲೆಯಲ್ಲಿ ಕೇಳಿದ ಎಲ್ಲ ಮಾತಿಗಿಂತ ಹೆಚ್ಚಾಗಿ ನನ್ನನ್ನು ಅಲ್ಲಾಡಿಸಿತು.

"ಹಿಂಗೆ ಇಳಿಸ್ಬೇಕಿತ್ತು ನೀನು," ಎಂದಳು ದೊಡ್ಡಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ.

ಅಪ್ಪ ಗಾಡಿ ನಿಲ್ಲಿಸಿ ಸ್ಟೇರಿಂಗಿನ ಮೇಲೆ ಹಣೆ ಇಟ್ಟ. ಅವನು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಹಸುಳೆಯಂತೆ, ನಡುನಡುವೆ ಉಸಿರು ಸಿಕ್ಕಿಕೊಂಡು ಅಳುತ್ತಿದ್ದ. ದೊಡ್ಡಮ್ಮ ಅವನ ಕಡೆ ಕೈ ಚಾಚಲಿಲ್ಲ. ಬಾಗಿಲು ತೆಗೆದು ಇಳಿದಳು, ಹಿಂದಕ್ಕೆ ಹೋಗಿ, ಗಾಲಿಯ ಮೇಲೆ ಕಾಲಿಟ್ಟು, ಮೂಟೆ ಹಾಕುವ ಜಾಗಕ್ಕೆ ಹತ್ತಿ ಹಲಗೆಗೆ ಒರಗಿ ಕೂತಳು. ನಾನು ಸೀಟಿನ ನಡುವೆಯೇ ಉಳಿದೆ. ಎಡಗಡೆ ಬಾಗಿಲು ತೆರೆದಿತ್ತು. ಅಲ್ಲಿಯವರೆಗೆ ನಾನು ಎಲ್ಲಿ ಕೂರಬೇಕು, ಯಾರ ತಟ್ಟೆಯ ಪಕ್ಕ ಉಣ್ಣಬೇಕು, ಯಾರ ಹತ್ತಿರ ಮಲಗಬೇಕು ಎನ್ನುವುದನ್ನೆಲ್ಲ ಬೇರೆಯವರೇ ಹೇಳುತ್ತಿದ್ದರು. ಅವತ್ತು ಯಾರೂ ಏನೂ ಹೇಳಲಿಲ್ಲ. ಅಪ್ಪನ ಬೆನ್ನು ಏರಿಳಿಯುತ್ತಿತ್ತು. ಅವನನ್ನು ಕಂಡರೆ ನನಗೆ ಪಾಪ ಅನ್ನಿಸುತ್ತಿತ್ತು, ಬಿಟ್ಟು ಹೋಗಲು ಮನಸ್ಸಿರಲಿಲ್ಲ. ಆದರೂ ನಾನು ಇಳಿದು ಹಿಂದೆ ಹೋಗಿ ಹತ್ತಿದೆ. ದೊಡ್ಡಮ್ಮ ಸರಿದು ಜಾಗ ಮಾಡಿದಳು. ಹಿಂದಿನ ಸಣ್ಣ ಗಾಜಿನಲ್ಲಿ ಅಪ್ಪ ನಮ್ಮಿಬ್ಬರನ್ನೂ ಒಮ್ಮೆ ನೋಡಿದ. ಆಮೇಲೆ ಖಾಲಿ ಸೀಟಿನ ಉದ್ದಕ್ಕೂ ಬಾಗಿ, ನಾನು ತೆರೆದೇ ಬಿಟ್ಟಿದ್ದ ಬಾಗಿಲನ್ನು ತಾನೇ ಎಳೆದುಕೊಂಡ.